ರುಕ್ಮವ್ವನ ಡಬ್ಬಿ ಮುಚ್ಚಳ

ಜಿಗಣಿ ಹಳೇ ಊರಿನ ಬಾವಿ ಗೊತ್ತಲ್ಲ? ಮೇಲೆ ಕಬ್ಬಿಣದ ಜಾಲರಿ ಹಾಕಿದಾರಲ್ಲ, ಅದೇ. ಒಳಗೆ ನೀರಿಲ್ಲ, ಬರೀ ಬಾಟಲಿ, ಕಸ. ನಮ್ಮ ದೊಡ್ಡಪ್ಪನ ಮಗ ರುದ್ರೇಶ ರಾತ್ರಿ ಎರಡು ಗಂಟೆಗೆ ಅದರ ಪಕ್ಕದಲ್ಲೇ ಮನೆಗೆ ನಡ್ಕೊಂಡು ಬರ್ತಿದ್ದ. ಆಗ ಕೇಳಿಸ್ತು... ಟಪ್... ಟಪ್... ನೀರು ತೊಟ್ಟಿಕ್ಕೋ ಸದ್ದು.

ನಗಬೇಡಿ. ಮೊದಲು ಅವನು ಮಾಡಿದ್ದೇನು ಅಂತ ಕೇಳಿ.

ಅವನಿಗೆ ಇಂಡಸ್ಟ್ರಿಯಲ್ ಏರಿಯಾದ ಒಂದು ಲ್ಯಾಬಲ್ಲಿ ಕೆಲಸ. ಎಲೆಕ್ಟ್ರಾನ್ ಮೈಕ್ರೋಸ್ಕೋಪು. ಹಗಲು ಲಾರಿ ಓಡಾಡಿ ನೆಲ ಅದುರುತ್ತೆ, ಚಿತ್ರ ಕಲಸಿಹೋಗುತ್ತೆ. ಅದಕ್ಕೇ ರಾತ್ರಿ ಡ್ಯೂಟಿ. ಮನುಷ್ಯರ ಮೈಯಿಂದ ತೆಗೆದ ಸಾಸಿವೆಯಷ್ಟು ಚೂರನ್ನ ಒದ್ದೆಯಾಗಿರೋ ಹಾಗೇ ನೋಡೋ ಮೆಷಿನ್ನು. ಮೊದಲೇ ಒಣಗಿದ್ರೆ ಮುಗೀತು. ಮುದುಡಿಹೋಗುತ್ತೆ, ಒಳಗಿನ ಕಾಯಿಲೆ ಕಾಣಲ್ಲ. ಚೂರು ಬರೋದೇ ಒದ್ದೆ ಹತ್ತಿ ಇಟ್ಟ ಪುಟ್ಟ ಡಬ್ಬಿಯಲ್ಲಿ, ಬಿಗಿ ಮುಚ್ಚಳ ಹಾಕ್ಕೊಂಡು.

ಆವತ್ತು ಡಬ್ಬಿ ಮೇಲಿದ್ದ ಹೆಸರು ರುಕ್ಮವ್ವ. ನಮ್ಮ ಬೀದಿಯವರೇ. ಚಿಕ್ಕವರಿದ್ದಾಗ ಆಟದ ಮಧ್ಯೆ ನಮ್ಮಿಬ್ಬರನ್ನೂ ಕರೆದು ಮಜ್ಜಿಗೆ ಕೊಡ್ತಿದ್ರು. ಅವರ ಕಿಡ್ನಿ ಚೂರು. ರುದ್ರೇಶ ಮುಚ್ಚಳ ತೆಗೆದ... ಫೋನ್ ಬಂತು.

"ಗೇಟ್ ಹತ್ರ ಬಿರಿಯಾನಿ ತಂದಿದೀನಿ. ಐದೇ ನಿಮಿಷ, ಬಾ ಮಗಾ."

ಹೋದ. ಐದು ನಿಮಿಷ ಒಂದು ಗಂಟೆ ಆಯ್ತು. ವಾಪಸ್ ಬಂದ್ರೆ ಎಸಿ ಗಾಳಿಗೆ ಹತ್ತಿನೂ ಒಣ, ಚೂರೂ ಒಣ.

ಇನ್ನೊಂದು ಚೂರು ಕೇಳಿದ್ರೆ ಮುದುಕಿಗೆ ಮತ್ತೆ ಸೂಜಿ ಚುಚ್ಚಬೇಕು. ಇವನ ಕೆಲಸಕ್ಕೂ ಕುತ್ತು. ಒಂದು ತೊಟ್ಟು ನೀರು ಬಿಟ್ಟ. ಉಬ್ಬಿತು. ಚಿತ್ರ ತೆಗೆದು, ಶುರುವಿಂದ ಒದ್ದೆಯಾಗೇ ಇತ್ತು ಅಂತ ಬರೆದು ಸಹಿ ಹಾಕಿದ. ಡಾಕ್ಟರು ಅದನ್ನ ನಂಬಿದ್ರು, ಕಾಯಿಲೆ ಏನೂ ಇಲ್ಲ ಅಂತ ಔಷಧಿ ಶುರು ಮಾಡ್ಲಿಲ್ಲ. ಮೂರು ತಿಂಗಳಿಗೆ ರುಕ್ಮವ್ವ ಹೋದ್ರು. ಇವನು ಮಣ್ಣಿಗೂ ಬರಲಿಲ್ಲ. ಬಚ್ಚಲಲ್ಲಿ ಕೂತು ಅತ್ತನಂತೆ.

ತಿಥಿಯ ಮಾರನೇ ರಾತ್ರಿನೇ ಆ ಬಾವಿ... ಟಪ್... ಟಪ್... ಸದ್ದು ನಿಂತಿತು. ಜಾಲರಿ ಕಿರ್ರ್ ಅಂತು.

"ರುದ್ರೇಶಾ..."

"ಯಾ... ಯಾರು?"

"ಮುಚ್ಚಳ ಆಕಪ್ಪಾ... ಒಣಗ್ತಾ ಇವ್ನಿ."

ಆ ಮುಚ್ಚಳದ ವಿಷಯ ಅವನು ಹೆಂಡತಿಗೂ ಹೇಳಿರಲಿಲ್ಲ ಕಣ್ರೀ! ಓಡಿ ಬಂದು ನಮ್ಮನೆ ಬಾಗಿಲು ಬಡಿದ. ಎಲ್ಲಾ ಹೇಳಿದ. ಬೆಳಗಾಗ್ತಿದ್ದ ಹಾಗೆ ಇಬ್ಬರೂ ರುಕ್ಮವ್ವನ ಮಗಳು ಕಾವ್ಯಾ ಮನೆಗೆ ಹೋದ್ವಿ. "ತಪ್ಪು ನಂದಮ್ಮಾ" ಅಂತ ಡಬ್ಬಿ ವಿಷಯ ಪೂರ್ತಿ ಹೇಳಿದ. ಅವಳು ಬೈಲಿಲ್ಲ. ಬಾಗಿಲು ಹಾಕ್ಕೊಂಡ್ಳು. ಲ್ಯಾಬಲ್ಲೂ ಬರ್ಕೊಟ್ಟ, ಕೆಲಸ ಹೋಯ್ತು. ಈಗ ಎಷ್ಟು ಹೊತ್ತಲ್ಲಿ ಆ ಬಾವಿ ಪಕ್ಕ ಬಂದ್ರೂ ಅವನಿಗೆ ಏನೂ ಕೇಳಿಸಲ್ಲ.

ಆದ್ರೆ ಅವನು ಒಂದು ಮಾತು ಬಿಟ್ಟಿದ್ದ. ಫೋನ್ ಮಾಡಿ ಕರೆದದ್ದು ಯಾರು ಅಂತ... ನಾನು. ನನ್ನ ಉಳಿಸೋಕೆ ಅಂತ ಬಿಟ್ಟ. ನಾನೂ ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಇವತ್ತಿಗೂ ಕಾವ್ಯಾಗೆ ಹೇಳಿಲ್ಲ. ನಾಚಿಕೆ ಆಗುತ್ತೆ.

ಆವತ್ತಿಂದ... ಕುಡಿಯೋ ನೀರಿನ ಬಿಂದಿಗೆಗೆ ರಾತ್ರಿ ನಾನೇ ಮುಚ್ಚಳ ಹಾಕ್ತೀನಿ. ಮೇಲೆ ರುಬ್ಬೋ ಗುಂಡುನೂ ಇಡ್ತೀನಿ. ಬೆಳಗ್ಗೆ ನೋಡಿದ್ರೆ ಗುಂಡು ನೆಲದ ಮೇಲೆ, ಮುಚ್ಚಳ ಪಕ್ಕದಲ್ಲಿ, ಬಿಂದಿಗೆ ಒಣ. ಸುಳ್ಳಲ್ಲ. ಅಡುಗೆಮನೇಲೇ ಇದೆ. ತುಂಬಿಸಿ ಇನ್ನೂ ಒಂದು ಗಂಟೆ ಆಗಿಲ್ಲ. ಹೋಗಿ ಕೈ ಹಾಕಿ ನೋಡಿ.