ಚೌಕದ ಬ್ರ್ಯಾಕೆಟ್ಟಿನ ಜಗಳ

ಹಲೋ... ಹಾಂ, ಯಾರು ಮಾತಾಡ್ತಿರೋದು?

... ಅಳಿಯಂದಿರಾ? ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು? ನಿಮ್ಮ ಹೆಂಡತಿ ಈಗ ತಾನೇ ಹೊರಟಳು. ಯಾಕೆ, ದನಿ ಹೀಗಿದೆ?

... ತಲೆ ತಿಂತಿದ್ದಾರಾ? ಯಾರು? ... ಅರ್ಧವಿರಾಮ? ಇಂಟರ್‌ನೆಟ್ಟಲ್ಲಿ ಇಟ್ಕೊಂಡಿರೋ ಹೆಸರಾ? ಅದೂ ಒಂದು ಹೆಸರಾ? ಹೇಳಿ ಹೇಳಿ, ನನಗೇನೂ ಅವಸರ ಇಲ್ಲ.

... ತಾಳಿ, ನನಗೆ ಅರ್ಥ ಆಗೋ ಹಾಗೆ ಹೇಳಿ. ... ಅಂದ್ರೆ, ದೇಶದೇಶದವರು ಸೇರಿ ಪುಕ್ಕಟೆ ಮಾಡಿರೋ ಡೇಟಾಬೇಸು, ಮಾಹಿತಿ ಪಟ್ಟಿ ಇಡೋ ಸಾಫ್ಟ್‌ವೇರು. ಅದರ ಕಮಾಂಡ್ ಹೇಗೆ ಬರೀಬೇಕು ಅಂತ ಹೇಳಿಕೊಡೋ ಕನ್ನಡದ ಪುಟಗಳು ನಿಮ್ಮ ಉಸ್ತುವಾರಿ. ಒಂದು ಪುಟದಲ್ಲಿ ಕಮಾಂಡಿನ ಕೊನೆಗೆ ಅರ್ಧವಿರಾಮ ಇದೆ, ಮುಂದಿನ ಪುಟದಲ್ಲಿ ಇಲ್ಲ. ಇಂಥವನ್ನೆಲ್ಲ ಒಂದೇ ಥರ ಮಾಡಿ ಅಂತ ಈ ಮನುಷ್ಯ ಇನ್ನೂರ ಹನ್ನೆರಡು ಪುಟ ತಿದ್ದಿ ಕಳಿಸಿದ್ದಾನೆ. ನೀವು ಮೂರು ಸಲ ವಾಪಸ್ ಕಳಿಸಿದ್ರಿ. ಇವತ್ತು ಐದು ಗಂಟೆಗೆ ಹೊಸ ಆವೃತ್ತಿ ಬಿಡ್ತೀರಿ, ನಾಲ್ಕನೇ ಸಲ ಬಂದು ಕೂತಿದೆ. ಅಲ್ವಾ?

... ಯಾವನೋ ಹಟಮಾರಿ ಮುದುಕ ಇರಬೇಕಾ? ಪಾಪ, ನಿಮಗೂ ಸಾಕಾಗಿರುತ್ತೆ. ಅಲ್ಲ, ತಿದ್ದಿದ್ದು ತಪ್ಪಾ ಅಂತ ಕೇಳ್ದೆ.

... ಹಾಂ? ಸರಿಯಾಗೇ ಇದೆಯಾ? ಜೋರಾಗಿ ಹೇಳಿ, ಈ ಕಿವಿ ಸ್ವಲ್ಪ ಮಂದ.

... ಸರಿ ಇದೆ, ಆದ್ರೆ ಸಣ್ಣ ವಿಷಯ ಅಂತೀರಾ. ಕೇಳಿ. ಚೌಕದ ಬ್ರ್ಯಾಕೆಟ್ ಒಳಗಿರೋದನ್ನ ಬಿಟ್ರೂ ನಡೆಯುತ್ತೆ ಅಂತ ಮೊದಲನೇ ಪುಟದಲ್ಲಿದೆ. ಅಳಿಸೋ ಕಮಾಂಡಿನ ಪುಟದಲ್ಲಿ, ಯಾರನ್ನ ಅಳಿಸಬೇಕು ಅನ್ನೋದನ್ನೇ ಚೌಕದ ಬ್ರ್ಯಾಕೆಟ್ಟಲ್ಲಿ ಹಾಕಿದ್ದೀರಿ. ಅಲ್ಲಿ ಮಾತ್ರ ಅದರರ್ಥ ‘ನಿಮ್ಮದನ್ನ ತುಂಬಿ’ ಅಂತೆ. ಮೊದಲನೇ ಪುಟ ನಂಬಿ ನಾನು ಅದನ್ನ ಬಿಟ್ಟೆ. ನಮ್ಮ ಬಡಾವಣೆ ಲೈಬ್ರರಿ ಪಟ್ಟಿ ನಾನೇ ನೋಡ್ಕೊಳ್ಳೋದು, ಅದರಲ್ಲಿ ಒಬ್ಬ ಸದಸ್ಯನ್ನ ತೆಗೆಯೋಕೆ ಹೋಗಿ ಒಂಬೈನೂರು ಜನವೂ ಮಾಯ. ಎರಡು ವಾರ ಕೂತು ಎಲ್ಲರನ್ನೂ ಮತ್ತೆ ಟೈಪ್ ಮಾಡಿದೆ.

... ಹೂಂ, ನಾನೇ. ಅರ್ಧವಿರಾಮ ನಾನೇ. ಅಡುಗೆಮನೆ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಕೂತಿದ್ದೀನಿ. ನೀವು ಸ್ವಲ್ಪ ನೀರು ಕುಡೀರಿ.

... ಕ್ಷಮೆ ಗಿಮೆ ಬೇಡ. ‘ಮೊದಲು ಕಲಿತು ಬನ್ನಿ’ ಅಂತ ಬರೆದಿದ್ರಲ್ಲ, ಓದಿ ಸಿಟ್ಟು ಬಂತು. ಮೂವತ್ತೊಂದು ವರ್ಷ ಪ್ರೆಸ್ಸಲ್ಲಿ ಕರಡು ತಿದ್ದಿದೋಳು ನಾನು. ಆಮೇಲೆ ನೋಡ್ತೀನಿ, ‘ಕಲಿತು’ ಅನ್ನೋಕೆ ‘ಕಲೀತು’ ಅಂತ ಬರೆದಿದ್ದೀರಿ. ನಗು ಬಂತು.

... ಅತ್ತೆ ಅಂತ ಒಪ್ಪೋದಾದ್ರೆ ಖಂಡಿತ ಬೇಡ. ನೋಡಿ ಒಪ್ಪಿ. ... ಎಲ್ಲ ಪುಟ ನೋಡಿದ್ದೀರಾ? ... ಒಪ್ಪಿಗೆ ಬಟನ್ ಒತ್ತಿದ್ರಾ? ನಿಜವಾಗ್ಲೂ?

... ಸುಳ್ಳು ಯಾಕೆ ಹೇಳ್ಲಿ ಅಳಿಯಂದಿರೇ, ತುಂಬಾ ಸಂತೋಷ ಆಯ್ತು.

... ಕೆಲಸ ಮಾಡಿದವರ ಪಟ್ಟಿಗೆ ಹೆಸರಾ? ಅರ್ಧವಿರಾಮ ಬೇಡ. ಅಷ್ಟು ಪುಸ್ತಕ ತಿದ್ದಿದೆ, ಒಂದರಲ್ಲೂ ನನ್ನ ಹೆಸರು ಬರಲಿಲ್ಲ. ಇದರಲ್ಲಾದ್ರೂ ನನ್ನ ಸ್ವಂತ ಹೆಸರು ಹಾಕಿ.

... ಕಾಗುಣಿತ ಹೇಳ್ಬೇಕಾ? ... ಅಳಿಯಂದಿರೇ, ನನ್ನ ಹೆಸರು ಗೊತ್ತು ತಾನೇ?

... ಹನ್ನೊಂದು ವರ್ಷ ಅತ್ತೆ ಅತ್ತೆ ಅಂತ ಕರೆದು... ಹೋಗ್ಲಿ ಬಿಡಿ, ಬರ್ಕೊಳ್ಳಿ. ಐದಕ್ಕೆ ಇನ್ನೆರಡೇ ನಿಮಿಷ ಇದೆ. ಮೊದಲನೇ ಅಕ್ಷರ... ಹಲೋ? ಕೇಳಿಸ್ತಿದೆಯಾ? ... ಹಲೋ?