ಹಲ್ಲು ಎಣಿಸದೆ ಬರೆದ ಚೀಟಿ

ಲೋಕವ್ಯವಹಾರವನ್ನೆಲ್ಲ ಬದಿಗಿಟ್ಟು ಯೋಚಿಸಬೇಕಾದ ಪ್ರಶ್ನೆಯೊಂದು ಆ ಸಂಜೆ ಬಸ್ಸಿನ ಸಾಲಿನಲ್ಲಿ ಎದ್ದಿತು: ಒಂದು ಕಪ್ಪೆಚಿಪ್ಪು ಯಾವ ಕುಟುಂಬಕ್ಕೆ ಸೇರಿದ್ದು? ಪ್ರಶ್ನೆ ಎತ್ತಿದವರು ಮ್ಯೂಸಿಯಂನಲ್ಲಿ ಚಿಪ್ಪುಗಳಿಗೆ ಹೆಸರಿನ ಚೀಟಿ ಬರೆಯುವ ಮಗಳು ಮತ್ತು ನೀರಿಗಿಳಿದು ಚಿಪ್ಪು ಆರಿಸಿಯೇ ಅವಳನ್ನು ಓದಿಸಿದ ತಾಯಿ. ಹಿಂದೆ ನಿಂತಿದ್ದ, ಅಚ್ಚಿನ ಕರಡು ತಿದ್ದುವ ಕೆಲಸದವನೊಬ್ಬ ಪತ್ರಿಕೆ ಮಡಿಚಿ ಕಿವಿ ನಿಮಿರಿಸಿದ. ತಪ್ಪು ಅಂದರೆ ಅವನಿಗೆ ಹಬ್ಬದೂಟ.

“ನೀನು ಹೇಳಿದ್ದೇ ಸರಿ ಅಮ್ಮಾ. ಮೇಲಿನ ಗೆರೆ ನೋಡಿ ಚೀಟಿ ಬರೆದುಬಿಟ್ಟೆ.”

“ಗೆರೆ ಎಲ್ಲದಕ್ಕೂ ಇರುತ್ತೆ. ಬಿಡಿಸಿ, ಎರಡು ಹೋಳು ಸೇರೋ ಕೀಲಿನ ಹಲ್ಲು ಎಣಿಸು, ಸಾಲು ಹಲ್ಲಿದ್ರೆ ಮನೆತನವೇ ಬೇರೆ ಅಂತ ಬಡ್ಕೊಂಡೆ.”

“ನಾಳೆ ತಿದ್ತೀನಿ.”

“ತಿದ್ದು. ನಿಮ್ಮ ಮ್ಯೂಸಿಯಂ ಸಾಹೇಬರು ‘ಇವರು ಯಾರು’ ಅಂದಾಗ ನನಗೇನು ಚೀಟಿ ಅಂಟಿಸಿದೆ?”

ಮಗಳು ಚಪ್ಪಲಿ ನೋಡಿಕೊಂಡಳು.

“ಚಿಪ್ಪು ತಂದುಕೊಡೋರು ಅಂದೆ.”

“ಸುಳ್ಳೇನಲ್ಲ ಬಿಡು. ತಂದಿದ್ದು ನಾನೇ. ಕುಟುಂಬ ಮಾತ್ರ ತಪ್ಪಾಯ್ತು.”

“ನಿನ್ನ ಬಟ್ಟೆ ಒದ್ದೆಯಾಗಿತ್ತು, ವಾಸನೆ ಬರ್ತಿತ್ತು... ನಾಚಿಕೆಯಾಯ್ತಮ್ಮಾ.”

“ಈಗ?”

“ಈಗ ಆ ನಾಚಿಕೆಗೇ ನಾಚಿಕೆ.”

ಬಸ್ಸು ಬಂತು. “ಎಷ್ಟು ಜನ?” ಅಂದ ಕಂಡಕ್ಟರ್.

“ಇವರು ನಮ್ಮಮ್ಮ,” ಅಂದಳು ಮಗಳು, ಇಡೀ ಬಸ್ಸಿಗೆ ಕೇಳುವಂತೆ.

ಕಂಡಕ್ಟರ್ ಕೇಳಿದ್ದು ಎಷ್ಟು ಜನ ಅಂತ ಮಾತ್ರ. ಎರಡು ಟಿಕೆಟ್ ಹರಿದುಕೊಟ್ಟ.