ಅರಳೆಯೊಳಗಿನ ಕೂಗು

ಮಧ್ಯಾಹ್ನ ಶುರುವಾದ ಮಳೆ ದೀಪ ಹಚ್ಚುವ ಹೊತ್ತಾದರೂ ಬಿಟ್ಟಿರಲಿಲ್ಲ. ಕರೆಂಟು ಹೋಗಿತ್ತು. ಮೂರನೇ ಮಹಡಿಯ ಆ ಮನೆಯಲ್ಲಿ ಉಳಿದಿದ್ದ ಒಂದೇ ಮೇಣದಬತ್ತಿ ಅಜ್ಜಿಯ ಕೋಣೆಯಲ್ಲಿ ಉರಿಯುತ್ತಿದ್ದರಿಂದ ಮಕ್ಕಳೆಲ್ಲ ಅಲ್ಲಿಗೇ ಬಂದು ಸೇರಿದ್ದರು. ದೊಡ್ಡ ಮೊಮ್ಮಗಳು ಮಾತ್ರ ಎಲ್ಲರಿಗೂ ಬೆನ್ನು ಹಾಕಿ ಕಿಟಕಿಯ ಹತ್ತಿರ ಕೂತಿದ್ದಳು. ಜೀವದ ಗೆಳತಿಯೇ ಶಾಲೆಯಲ್ಲಿ ಎಲ್ಲರ ಮುಂದೆ ಅವಳನ್ನು ಆಡಿಕೊಂಡಿದ್ದಳಂತೆ. ಅದೂ ತಮ್ಮನ ಬಾಯಿಂದ ತಿಳಿದದ್ದು. ಅವಳನ್ನು ಕೇಳಿದರೆ ‘ಏನಿಲ್ಲ’ ಎಂಬ ಒಂದೇ ಮಾತು. ಅಮ್ಮ ಗದರಿದಳು, ಮುದ್ದು ಮಾಡಿದಳು, ಕೊನೆಗೆ ಕೈಚೆಲ್ಲಿ ಅಡುಗೆಮನೆಗೆ ಹೋದಳು.

ಚಿಕ್ಕವನು ದೆವ್ವದ ಕತೆಯೇ ಬೇಕೆಂದು ಹಟ ಹಿಡಿದ. ಅಜ್ಜಿ ಕಾಲು ನೀಡಿ ಕೂತಳು. ಕಿಟಕಿಯ ಕಡೆ ಒಮ್ಮೆ ನೋಡಿ, ತನ್ನ ಒಡಕು ದನಿಯಲ್ಲಿ ಹೇಳತೊಡಗಿದಳು.

ಹಿಂದುಮುಂದಾದ ಪಾದ, ಕೆದರಿದ ಕೂದಲು, ಕೋರೆಹಲ್ಲು... ಅದೆಲ್ಲ ಬೇಕು ಅಂದ್ರೆ ಬೇರೆ ಅಜ್ಜಿನ ಹುಡುಕ್ಕೋ ಮರಿ. ನನಗೆ ಗೊತ್ತಿರೋದು ಒಂದೇ ದೆವ್ವ. ಅದು ನನ್ನ ಅಕ್ಕಂದು. ಸತ್ತ ಮೇಲೆ ಬಂದ ದೆವ್ವ ಅಲ್ಲ ಕಣೋ... ಅಕ್ಕ ಬದುಕಿ, ಉಂಡು, ನಕ್ಕು, ನನ್ನ ತಲೆ ಬಾಚ್ತಾ ಇದ್ದಾಗಲೇ ಊರೆಲ್ಲ ಓಡಾಡಿದ ದೆವ್ವ.

ನಮ್ಮಪ್ಪ ಹಾಸಿಗೆ ದಿಂಬು ಮಾಡೋನು. ಬೀದಿ ಕಡೆ ಅಂಗಡಿ, ಅದರ ಹಿಂದೆ ಒಂದು ಕೋಣೆ, ಅದರ ಹಿಂದೆ ಅಂಗಳ. ಸೂರಿಂದ ಒಂದು ದೊಡ್ಡ ಬಿಲ್ಲು ತೂಗುಬಿಟ್ಟಿರೋದು. ಅದರ ಹೆದೆಗೆ ಹತ್ತಿ ತಾಗಿಸಿ, ಮರದ ಕೊಡತಿಯಿಂದ ಟುಂಯ್ ಟುಂಯ್ ಅಂತ ಹೊಡೆದರೆ ಗಂಟೆಲ್ಲ ಬಿಡಿಸಿಕೊಂಡು ಹತ್ತಿ ಹಾರಿ ಹಾರಿ ಗುಡ್ಡೆ ಬೀಳೋದು. ಹಾಗೆ ಹಿಂಜಿದ್ದೇ ಅರಳೆ. ಅಪ್ಪ ಅರಳೆ ತುಂಬೋನು, ಅಮ್ಮ ದಬ್ಬಣ ಹಿಡಿದು ದಿಂಬಿನ ಬಾಯಿ ಹೊಲಿಯೋಳು. ಆ ಕೆಲಸದಲ್ಲಿ ಒಂದು ಕಟ್ಟುನಿಟ್ಟಿತ್ತು. ತುಂಬಿದ ದಿಂಬನ್ನ ಬಾಯಿ ತೆರೆದೇ ಬಿಸಿಲಿಗಿಟ್ಟು, ಒಳಗಿನ ಪಸೆಯೆಲ್ಲ ಹೋದ ಮೇಲೇ ಹೊಲಿಯಬೇಕು. ಇಲ್ಲದಿದ್ರೆ ಒಳಗೆ ಸಿಕ್ಕಿಕೊಂಡದ್ದು ಒಳಗೇ ಕೊಳೆಯುತ್ತೆ.

ಅಮ್ಮ ನನ್ನ ಹೆತ್ತು ಹೋಗಿಬಿಟ್ಟಳು. ಅಕ್ಕ ಇನ್ನೂ ಲಂಗದ ಹುಡುಗಿ. ಅಮ್ಮನ್ನ ಹೊರಗೆ ತರ್ತಾ ಇದ್ದ ಹಾಗೆ ಚಿಟ್ಟನೆ ಚೀರಿದಳಂತೆ. ಸೋದರತ್ತೆ ಓಡಿಬಂದು ಅವಳ ಬಾಯಿ ಮುಚ್ಚಿ, ಮಡಿಲಿಗೆ ನನ್ನ ಹಾಕಿ, "ನೀನು ದೊಡ್ಡವಳು ಕಣೇ. ನೀನೇ ಅತ್ರೆ ಈ ಕೂಸನ್ನ ಯಾರು ನೋಡ್ಕೋತಾರೆ?" ಅಂದಳು. ಅತ್ತೆಯೇನು ಕೆಟ್ಟವಳಲ್ಲ... ಅವಳ ಕಣ್ಣಲ್ಲೂ ನೀರಿತ್ತು. ಆದರೆ ಅರ್ಧಕ್ಕೆ ನಿಂತ ಆ ಚೀರಾಟ ಎಲ್ಲಿಗೆ ಹೋಗಬೇಕು, ಹೇಳಿ?

ಅವತ್ತಿಂದ ಅಕ್ಕ ಅಳಲಿಲ್ಲ. ನೆಂಟರೆಲ್ಲ ಚಿನ್ನದಂಥ ಹುಡುಗಿ ಅಂತ ಹೊಗಳಿದ್ದೇ ಹೊಗಳಿದ್ದು. ನನಗೆ ಸ್ನಾನ ಮಾಡಿಸೋಳು, ತುತ್ತು ಇಡೋಳು, ಮುದ್ದು ಮಾಡೋಳು. ತಲೆ ಬಾಚ್ತಾ ಬಾಚ್ತಾ ಇದ್ದ ಹಾಗೇ ಅವಳ ಕೈ ಇದ್ದಕ್ಕಿದ್ದ ಹಾಗೆ ಬಿಗಿಯಾಗೋದು. ಇದು ಹುಟ್ಟದೇ ಇದ್ದಿದ್ರೆ ಅಮ್ಮ ಇರ್ತಿದ್ಳು ಅನ್ನೋ ಮಾತು ಒಳಗೆ ಬರೋದಂತೆ. ಆ ಮಾತಿಗೆ ಅವಳೇ ಹೆದರಿ ಸಾಯೋಳು. ನಾನು ರಾಕ್ಷಸಿಯಾಗಿಬಿಟ್ಟೆ ಅಂತ ಅಂದುಕೊಳ್ಳೋಳು. ಒಂದೇ ಮನಸ್ಸಲ್ಲಿ ಮುದ್ದೂ ಸಿಟ್ಟೂ ಎರಡೂ ಇರಬಹುದು, ಇದ್ದರೆ ಅದೇನು ಪಾಪ ಅಲ್ಲ ಅಂತ ಆ ವಯಸ್ಸಿನ ಹುಡುಗಿಗೆ ಯಾರು ಹೇಳಿಕೊಟ್ಟಿದ್ರು? ಅಪ್ಪನಿಗೋ, ಬಿಲ್ಲಿನ ಮುಂದೆ ಕೂತರೆ ಲೋಕ ಬೇಡ.

ನನಗೆ ಇನ್ನೂ ತೊದಲು ಮಾತು. ಒಂದು ಮಳೆಗಾಲ, ಅಮ್ಮನ ಬಾಚಣಿಗೆ ಎಳೆದಾಡಿ ಎರಡು ತುಂಡು ಮಾಡಿಬಿಟ್ಟೆ. ಅಕ್ಕ ಅದನ್ನ ಯಾರಿಗೂ ಮುಟ್ಟೋಕೆ ಬಿಡ್ತಿರಲಿಲ್ಲ. ಅಪ್ಪ, ಮಗು ಅಲ್ವಾ ಬಿಡು ಅಂದ. ಅಕ್ಕ "ಏನಿಲ್ಲಪ್ಪ" ಅಂದಳು. ಎದ್ದು ಹಿಂದಿನ ಕೋಣೆಗೆ ಹೋದಳು. ಅಲ್ಲಿ ತುಂಬಿಟ್ಟ ದಿಂಬೊಂದು ಬಾಯಿ ತೆರೆದುಕೊಂಡು ಬಿದ್ದಿತ್ತು. ಅದರೊಳಗೆ ಮುಖ ತೂರಿಸಿ, ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಸೇರಿಸಿ ಕೂಗಿದಳು. ನೀನು ಯಾಕೆ ಹುಟ್ಟಿದೆ, ನನ್ನಮ್ಮನ್ನ ವಾಪಸ್ ಕೊಡು... ಗಂಟಲು ಹರಿಯೋ ಹಾಗೆ ಕೂಗಿದರೂ ಒಂದು ಚೂರು ಸದ್ದು ಹೊರಗೆ ಬರಲಿಲ್ಲ. ಅರಳೆ ಎಲ್ಲ ಕುಡಿದುಬಿಡ್ತು. ಎದೆ ಹಗುರಾಯ್ತು. ಬಿಸಿಲಂತೂ ಇರಲಿಲ್ಲ, ಹಾಗೇ ದಬ್ಬಣ ಹಿಡಿದು ಬಾಯಿ ಹೊಲಿದುಬಿಟ್ಟಳು.

ಆಮೇಲೆ ಅದೇ ಅಭ್ಯಾಸ ಆಯ್ತು. ಮನೇಲಿ ಚಿನ್ನದಂಥ ಹುಡುಗಿ, ಹಿಂದಿನ ಕೋಣೇಲಿ ದಿಂಬಿನೊಳಗೆ ಮುಖ. ದಿಂಬುಗಳು ಮಾರಾಟವಾಗಿ ಊರೂರಿಗೆ ಹೋದವು.

ಕೆಲವು ವಾಪಸ್ ಬಂದವು. ಒಬ್ಬರು ದಿಂಬು ಯಾವಾಗಲೂ ಬಿಸಿಯಾಗಿರುತ್ತೆ ಅಂದರು. ಇನ್ನೊಬ್ಬರ ಮನೆ ಹಸುಗೂಸು ಅದರ ಹತ್ತಿರ ಮಲಗಿಸಿದ ಕೂಡಲೇ ಕಿಟಾರನೆ ಕಿರುಚ್ತಿತ್ತಂತೆ. ಒಬ್ಬ ಗಡಿಯಾರ ರಿಪೇರಿಯವನು ದಿಂಬು ಬಿಸಾಕಿ, ತಿರುಗಿ ನೋಡದೆ ಹೋದ. ಅಪ್ಪ ಹತ್ತಿ ಮಳೆಗೆ ಪಸೆಯಾಗಿದೆ ಅಂದುಕೊಂಡು, ಹೊಲಿಗೆ ಬಿಚ್ಚಿ, ಮತ್ತೆ ಹಿಂಜೋಕೆ ಕೂತ. ಕೊಡತಿ ಎತ್ತಿ ಹೆದೆಗೆ ಹೊಡೆದ.

ಟುಂಯ್ ಅನ್ನಲಿಲ್ಲ ಅದು. ಚೀರಿತು... ಮಗಳ ದನಿ. ಮಾತೂ ಸ್ಪಷ್ಟ. ನೀನು ಯಾಕೆ ಹುಟ್ಟಿದೆ?

ಆಗ ಅಪ್ಪ ಏನು ಮಾಡಬೇಕಿತ್ತು? ಕೆಟ್ಟ ಹತ್ತಿಯನ್ನ ಕೊನೆ ಎಳೆಯವರೆಗೂ ಬಯಲಲ್ಲಿ ಹಿಂಜಬೇಕು ಅಂತ ಊರಿಗೆಲ್ಲ ಹೇಳ್ತಿದ್ದವನು ಅವನೇ ತಾನೆ? ಆದರೆ ಬೀದಿಯವರು ಕೇಳಿದರೆ ಏನಂದುಕೊಂಡಾರು ಅಂತ ಹೆದರಿದ. ವಾಪಸ್ ಬಂದ ಅರಳೆನೆಲ್ಲ ಒಂದೇ ದಿಂಬಿಗೆ ತುರುಕಿದ, ತುಳಿದು ತುಳಿದು ತುರುಕಿದ. ತಾನೇ ಬಾಯಿ ಹೊಲಿದು ಹತ್ತಿ ಮೂಟೆಗಳ ಹಿಂದೆ ಬಿಸಾಕಿದ. ತಲೆ ಎತ್ತಿದರೆ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಅಪ್ಪ ಹೋಗಿ ಬಿಲ್ಲಿನ ಮುಂದೆ ಕೂತ, ಅಕ್ಕ ಅನ್ನಕ್ಕಿಡೋಕೆ ಹೋದಳು.

ಕೆಲವು ದಿನ ಕಳೀತು. ಒಂದು ಮಧ್ಯಾಹ್ನ ನಾನು ಆಡ್ತಾ ಆಡ್ತಾ ಆ ಮೂಟೆಗಳ ಹಿಂದೆ ಹೋದೆ. ಅಕ್ಕ ಹುಡುಕಿಕೊಂಡು ಬಂದಾಗ ನಾನು ಆ ದಿಂಬಿನ ಮೇಲೆ ಬೋರಲಾಗಿ ಬಿದ್ದಿದ್ದೆನಂತೆ. ಕಾಲು ಒದ್ದಾಡ್ತಿತ್ತು, ಮುಖ ಕಾಣ್ತಿರಲಿಲ್ಲ. ಅಕ್ಕ ನನ್ನ ಹಿಡಿದು ಎಳೆದಳು... ನನ್ನ ಜೊತೆಗೆ ದಿಂಬೂ ಬಂತು. ಕಿತ್ತರೆ ಬಿಡೋದಿಲ್ಲ, ಎಳೆದಷ್ಟೂ ಮುಖ ಒಳಗೆ ಹೂತುಕೊಳ್ಳುತ್ತೆ. ಒಳಗಿಂದ ಅವಳದೇ ದನಿ, ಅವಳದೇ ಮಾತು. ಅಕ್ಕ ಹಲ್ಲು ಕಚ್ಚಿಕೊಂಡು, ಬಾಯಿ ಬಿಗಿದುಕೊಂಡು ಎಳೆದಳು. ನನ್ನ ಕಾಲು ನಿಧಾನ ಆಯ್ತು. ಆಮೇಲೆ ನಿಂತೇಬಿಡ್ತು.

ಆಗ ಕೂಗಿದಳು ನೋಡಿ, ದಿಂಬಿನೊಳಗಲ್ಲ, ಬಯಲಿಗೆ ಮುಖ ಮಾಡಿ.

"ಹೌದು, ಆ ಮಾತು ನಂದೇ. ನಂಗೆ ಇವಳ ಮೇಲೆ ಸಿಟ್ಟಿದೆ. ನಂಗೆ ಅಮ್ಮ ಬೇಕು. ಆದರೆ ಇವಳು ಸಾಯೋದು ಬೇಡ, ಇವಳು ನನ್ನ ತಂಗಿ."

ಅಷ್ಟು ವರ್ಷದ ಅಳು ಒಟ್ಟಿಗೆ ಬಂತಂತೆ. ಅಂಗಡಿಯಿಂದ ಅಪ್ಪ ಓಡಿಬಂದ, ಅತ್ತೆ ಬಂದಳು, ಬೀದಿಯವರೆಲ್ಲ ಬಂದು ನಿಂತರು. ಅವಳು ಯಾರನ್ನೂ ಲೆಕ್ಕಿಸದೆ ಅತ್ತಳು. ಅಳ್ತಾ ಅಳ್ತಾನೇ ಎಳೆದಳು. ದಿಂಬು ಸಡಿಲಾಯ್ತು. ನಾನು ನೀಲಿಗಟ್ಟಿ ಹೊರಗೆ ಬಂದೆ. ಬದುಕಿದೆ, ದನಿ ಮಾತ್ರ ಅವತ್ತೇ ಒಡೀತು.

ಅಪ್ಪ ಬಿಲ್ಲನ್ನ ಅಂಗಳಕ್ಕೆ ತಂದ. ದಿಂಬು ಸೀಳಿ ಹಿಂಜೋಕೆ ಕೂತ. ಒಂದೊಂದು ಏಟಿಗೂ ಒಂದೊಂದು ಚೀರಾಟ. ಅತ್ತೆ ಜನ ಕೇಳ್ತಾರೆ, ನಿಲ್ಲಿಸೋ ಅಂತ ಬೇಡಿಕೊಂಡಳು. "ಕೇಳಲಿ ಬಿಡು, ನಾನೂ ಈಗಲೇ ಕೇಳ್ತಿರೋದು" ಅಂದ ಅಪ್ಪ. ಪಕ್ಕದಲ್ಲಿ ಅಕ್ಕ ಕೂತಿದ್ದಳು. ಹೆದೆ ಮತ್ತೆ ಟುಂಯ್ ಅನ್ನೋವರೆಗೂ ಇಬ್ಬರೂ ಅಲ್ಲಿಂದ ಏಳಲಿಲ್ಲ.

ಆಮೇಲೆ ಅಕ್ಕ ಸಿಟ್ಟು ಬಂದರೆ, ಹಸಿವಾಗ್ತಿದೆ ಅಂತ ಹೇಳೋ ಹಾಗೆ, ನಂಗೀಗ ಸಿಟ್ಟು ಬಂದಿದೆ, ಸ್ವಲ್ಪ ಹೊತ್ತು ನನ್ನ ಪಾಡಿಗೆ ಬಿಡು ಅನ್ನೋಳು. ಅಳು ಬಂದರೆ ಅತ್ತುಬಿಡೋಳು. ಅದೂ ಒಂದೇ ದಿನಕ್ಕೆ ಬರಲಿಲ್ಲ ಅನ್ನಿ, ಎಷ್ಟೋ ಸಲ ತಟ್ಟೆ ಹಾರಿವೆ. ನಾನು ದೊಡ್ಡವಳಾದ ಮೇಲೆ ಕೂರಿಸಿಕೊಂಡು, ಅಮ್ಮ ಹೋದದ್ದು ನಿನ್ನಿಂದಲ್ಲ ಕಣೇ ಅಂತ ಅವಳೇ ಹೇಳಿದಳು. ಅವಳಷ್ಟು ನನ್ನ ಪ್ರೀತಿಸಿದವರು ಇನ್ಯಾರೂ ಇಲ್ಲ.

ಆದರೆ ವಾಪಸ್ ಬಂದದ್ದು ಕೆಲವೇ ದಿಂಬು. ಮಿಕ್ಕಿದ್ದಕ್ಕಾಗಿ ಅಪ್ಪ ಎಷ್ಟೋ ಅಲೆದ, ಸಿಗಲಿಲ್ಲ. ಹತ್ತಿ ಸಾಯೋದಿಲ್ಲ ನೋಡಿ... ಹಳೇ ದಿಂಬಿಂದು ಹೊಸ ಹಾಸಿಗೆಗೆ, ಅಲ್ಲಿಂದ ಇನ್ಯಾರದೋ ತಲೆಯಡಿಗೆ, ಹೀಗೇ ಸುತ್ತುತ್ತಾ ಇರುತ್ತೆ.

ಹೋದ ವರ್ಷ ಅಕ್ಕ ತೀರಿಕೊಂಡಳಲ್ಲ, ಅವಳನ್ನ ಮಣ್ಣು ಮಾಡಿ ಬಂದು, ಅವಳೂರಲ್ಲಿ ಇಳಿದುಕೊಂಡಿದ್ದ ಲಾಡ್ಜಿನ ಕೋಣೇಲಿ ಸ್ವಲ್ಪ ಅಡ್ಡಾದೆ. ಹಾಡಹಗಲು. ದಿಂಬಿಗೆ ಕಿವಿ ಇಟ್ಟೆ... ಬಿಸಿಯಾಗಿತ್ತು. ಒಳಗೆ ಯಾರೋ ಕೂಗ್ತಿದ್ದರು. ಬೆಳಿಗ್ಗೆ ತಾನೆ ಮಣ್ಣಾದ ಮುದುಕಿಯ ದನಿ ಅಲ್ಲ ಅದು, ಲಂಗದ ಹುಡುಗಿಯ ದನಿ. ನೀನು ಯಾಕೆ ಹುಟ್ಟಿದೆ? ಮುಂದೆ ಅವಳು ಅತ್ತದ್ದು, ನನ್ನ ತಬ್ಬಿದ್ದು, ಜೀವಮಾನವೆಲ್ಲ ಸಾಕಿದ್ದು... ಒಂದೂ ಅದಕ್ಕೆ ಗೊತ್ತಿಲ್ಲ. ಅದನ್ನ ಒಳಗೆ ಹಾಕಿ ಹೊಲಿದ ದಿನ ಅದ್ಯಾವುದೂ ಇನ್ನೂ ಆಗಿರಲಿಲ್ಲವಲ್ಲ.

ಹೊಲಿಗೆಗೆ ಬಾಯಿ ಇಟ್ಟು "ಅಕ್ಕಾ" ಅಂದೆ.

ಕೂಗು ನಿಂತಿತು. ಆಮೇಲೆ ಮೆಲ್ಲಗೆ, ಮರ್ಯಾದೆಯಿಂದ ಕೇಳಿತು... "ನೀವ್ಯಾರಜ್ಜಿ? ನನ್ನ ತಂಗಿ ಎಲ್ಲಿದಾಳೆ, ನೋಡಿದ್ರಾ?"

ಇಲ್ಲಮ್ಮ, ನೋಡಿಲ್ಲ ಅಂದೆ.

ಹುಡುಕ್ತಾನೇ ಇದೆ ಅದು... ಈಗಲೂ.